ತೆಳ್ಳಗಿನ ಮೂಲೆ

ಸೆರ್ವಾ ಟೀಚರಿಗೆ ಕಚಾನಾಳ ವಂದನೆಗಳು.

ನಮ್ಮೂರಿನ ಮಣ್ಣಿನ ಶಾಲೆಗೆ ಹತ್ತು ವರ್ಷ ಬಾಳುವ ಹೊಸ ಗಿಲಾವು ಮಾಡಿಸಲು ಕುಮಾಸಿ ನಗರದ ನಿಮ್ಮ ಶಾಲೆಯ ಮಕ್ಕಳು ಚಂದಾ ಎತ್ತಿದ್ದಾರೆಂದು ತಿಳಿಯಿತು. ವರ್ಷವರ್ಷವೂ ಗೋಡೆ ಮೆತ್ತುವ ಹೆಂಗಸರಿಗೆ ವಿಶ್ರಾಂತಿ ಸಿಗಲೆಂಬ ಅವರ ಕಾಳಜಿ ದೊಡ್ಡದು. ಆದರೆ ದಯವಿಟ್ಟು ಬೇಡ.

ಶಾಲೆ ಕಟ್ಟಿದ ವರ್ಷ ನೆನಪಿದೆಯೇ? ನೀವು ಸಹಾಯಕ್ಕೆ ಕರೆತಂದ ನಿಮ್ಮ ಶಾಲೆಯ ಹುಡುಗಿಯರು ಗಿಲಾವಿಗೆ ಕಲಸಿದ ಸಗಣಿ ಮುಟ್ಟಲು ಹೇಸಿದಾಗ ನನ್ನ ಅತ್ತೆ, "ಏನ್ರೇ, ಗೋಡೆ ಉಜ್ಜಿ ಅಂದ್ರೆ ಬೆಕ್ಕಿನ ಬೆನ್ನು ಸವರ್ತೀರಲ್ಲ!" ಎಂದು ಗದರಿ, ಗೋಡೆ ಗಟ್ಟಿಯಾಗಲೆಂದು ಬಳಿಯುವ, ದವದವ ಮರದ ಕಾಯಿಸಿಪ್ಪೆ ಕುದಿಸಿ ಆರಿಸಿದ ಕೆಂಪು ನೀರನ್ನು ನಿಮ್ಮ ಕೈಗೂ ಸುರಿದಿದ್ದರು. ವಾರವಾದರೂ ಕೈಯ ಕೆಂಪು ಹೋಗಲಿಲ್ಲವೆಂದು ನೀವು ಬರೆದಿದ್ದಿರಿ. ಅತ್ತೆ ಈಗಿಲ್ಲ. ಅವರ ಅಂಗೈ ಗುರುತು ಆರು ಪದರಗಳ ಕೆಳಗಿದೆ.

ಗೋಡೆ ಮೆತ್ತಲು ಕರೆ ಹೋದರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ತವರಿಗೆ ಬರಬೇಕು. ತಡೆಯುವ ಹಕ್ಕು ಯಾವ ಗಂಡನಿಗೂ ಇಲ್ಲ. ನನ್ನ ಮಗಳು ಅಪಿಯುವಿನ ಗಂಡ ನಮ್ಮೊಂದಿಗೆ ಮಾತು ಬಿಟ್ಟು ನಾಲ್ಕು ವರ್ಷವಾಯಿತು. ಹಬ್ಬಕ್ಕೂ ಅವಳನ್ನು ಕಳಿಸುವುದಿಲ್ಲ. ಗೋಡೆಗೆ ಮಾತ್ರ ಕಳಿಸುತ್ತಾನೆ.

ಹೋದ ವರ್ಷ ಜೊತೆಯಲ್ಲಿ ಉಜ್ಜುತ್ತ ಅವಳು, "ಅವ್ವಾ, ಈ ಮೂಲೆ ಸ್ವಲ್ಪ ತೆಳ್ಳಗೇ ಇರ್ಲಿ, ಮಳೆಗೆ ಬೇಗ ಉದುರ್ಲಿ" ಎಂದಳು. ನಾನು ಕೇಳಿಸದವಳಂತೆ ಅಲ್ಲಿ ತೆಳ್ಳಗೇ ಮೆತ್ತಿದೆ.

ಚಂದಾ ಹಣದಲ್ಲಿ ನೀರು ತುಂಬಿಡಲು ಎರಡು ಡ್ರಮ್ಮು ಕಳಿಸಿ, ಸಾಕು. ಈ ಸಲ ಮಳೆ ಚೆನ್ನಾಗಿ ಹೊಡೆಯಿತು. ಆ ಮೂಲೆ ಉದುರಿದೆ. ಕರೆ ಕಳಿಸಿದ್ದೇನೆ.

ನಿಮ್ಮ
ಕಚಾನಾ