ಮೊದಲು ಬರುವುದನ್ನು ಒತ್ತಿ

ಮಾರ್ಚ್ ೩, ಸೋಮವಾರ. ಬೆಳಗ್ಗೆ ೧೧

ವಾರದ ಹಾಜರಿ. ಮತ್ತೆ ಕಿವಿಯಂಗಡಿಗೆ. ಹಿಯರಿಂಗ್ ಏಡ್ ಮಾರುವ ಧಣಿ. ನಮ್ಮ ಜಾಹೀರಾತು ಏಜೆನ್ಸಿಗೆ ಅತಿ ದೊಡ್ಡ ಗಿರಾಕಿ, ಅತಿ ದೊಡ್ಡ ತಲೆನೋವೂ ಹೌದು. ಇವತ್ತೂ ಅದೇ ಆಟ. ಫೋನ್ ತೆಗೆದು ತನ್ನ ಪ್ರತಿಸ್ಪರ್ಧಿ, ಊರಿಗೆಲ್ಲ ಗೊತ್ತಿರುವ ಹಳೇ ಕಂಪನಿಯ ಹೆಸರು ಟೈಪ್ ಮಾಡುವುದು, ಎಲ್ಲಕ್ಕಿಂತ ಮೇಲೆ ನಮ್ಮ ಜಾಹೀರಾತು ಬಂದದ್ದನ್ನು ನೋಡಿ ಹಲ್ಲು ಕಿರಿಯುವುದು, ಅದನ್ನು ತಾನೇ ಒತ್ತುವುದು. ಒತ್ತಿದಾಗಲೆಲ್ಲ ತನ್ನ ದುಡ್ಡೇ ಸೋರುತ್ತದೆ ಅಂತ ಮಹಾಶಯನಿಗೆ ಗೊತ್ತಿಲ್ಲ. ನಾನು ಹೇಳಿಲ್ಲ.

"ಹೆಸರು ಅವರದು, ಗಿರಾಕಿ ನಮ್ಮೋರು. ಹೇಗೆ?"

ಹೇಗೆ ಅಂತ ನನ್ನನ್ನೇ ಕೇಳುತ್ತಾನೆ! ಆ ಹೆಸರು ಹುಡುಕಿದವರಿಗೆ ನಮ್ಮದೇ ಮೊದಲು ಕಾಣಲಿ ಅಂತ ದುಡ್ಡು ಕಟ್ಟಿ ಬಿಡ್ ಹಾಕಿದವನು ನಾನು.

"ಇಷ್ಟು ಸಾಲದು ಕಣಯ್ಯಾ. ಜಾಹೀರಾತಿನ ತಲೆ ಮೇಲೂ ಅವರ ಹೆಸರೇ ಬರಬೇಕು."

"ಅದು ರಿಜಿಸ್ಟರ್ ಆಗಿರೋ ಟ್ರೇಡ್‌ಮಾರ್ಕ್ ಸರ್. ಕೇಸ್ ಹಾಕಿದ್ರೆ?"

"ನೋಟಿಸ್ ಬಂದ ದಿನ ತೆಗೆದ್ರಾಯ್ತು."

ಮಾರ್ಚ್ ೪, ಮಂಗಳವಾರ

ಮುಗಿಸಿದೆ. ಒಂದೇ ಸೆಟ್ಟಿಂಗ್. ಜನ ಹುಡುಕುವ ಪದವೇ ತಾನಾಗಿ ನಮ್ಮ ಶೀರ್ಷಿಕೆಯಲ್ಲಿ ಬಂದು ಕೂರುತ್ತದೆ. ಹಳೇ ಕಂಪನಿಯ ಹೆಸರು ಹೊಡೆದರೆ ಮೇಲೆ ಅದೇ ಹೆಸರು, ಕೆಳಗೆ ನಮ್ಮ ನಂಬರ್. ಆ ಹೆಸರನ್ನು ನಾನು ಎಲ್ಲೂ ಬರೆದಿಲ್ಲ, ಮೆಷಿನ್ ಬರೆದದ್ದು... ಕೇಳಿದವರಿಗೆ ಉತ್ತರ ರೆಡಿ. ಧಣಿಯ ಬುದ್ಧಿಗೆ ಇದು ಏಳು ಜನ್ಮ ಎತ್ತಿದರೂ ಹೊಳೆಯುತ್ತಿರಲಿಲ್ಲ.

ಮಾರ್ಚ್ ೧೦, ಸೋಮವಾರ

ಅಂಗಡಿಯಲ್ಲಿ ಫೋನಿಗೆ ಬಿಡುವಿಲ್ಲ. ಫೋನ್ ಎತ್ತುವ ಅಕ್ಕನಿಗೆ ನಾನೇ ಪಾಠ ಹೇಳಿಕೊಟ್ಟೆ. ಅಂಗಡಿಯ ಹೆಸರು ಹೇಳಬಾರದು, "ಹೇಳಿ, ನಮಸ್ಕಾರ" ಅಂದರೆ ಸಾಕು. ಅದೇ ಕಂಪನಿಯೇ ಅಂತ ಕೇಳಿದರೆ "ಬನ್ನಿ, ನೋಡೋಣ."

ಅಕ್ಕನಿಗೆ ಸಮಾಧಾನವಿಲ್ಲ. "ಪಾಪ, ಎಲ್ಲಾ ವಯಸ್ಸಾದವರು ಕಣೋ. ಇಲ್ಲಿಗೆ ಬಂದು, ಬೋರ್ಡ್ ನೋಡಿ ಗಲಿಬಿಲಿ ಆಗ್ತಾರೆ."

"ಜಾಹೀರಾತು ಅಂತ ಪಕ್ಕದಲ್ಲೇ ಬರೆದಿರುತ್ತೆ ಅಕ್ಕಾ. ಓದಿ ಬರಬೇಕಿತ್ತು."

ಪಕ್ಕದ ಕುರ್ಚಿಯಲ್ಲಿದ್ದ ಧಣಿ ತೊಡೆ ತಟ್ಟಿಕೊಂಡು ನಕ್ಕ. ಆದರೆ ನಾನು ಹೇಳಿದ್ದು ತಮಾಷೆಗಲ್ಲ. ಈ ಜನಕ್ಕೆ ಓದು ಬರುತ್ತದೆ, ಓದುವ ವ್ಯವಧಾನವಿಲ್ಲ. ಕಣ್ಣು ಮುಚ್ಚಿಕೊಂಡು ಒತ್ತುತ್ತಾರೆ, ಆಮೇಲೆ ಮೋಸ ಅಂತ ಬೊಬ್ಬೆ. ಇಂಥವರ ಮೇಲೆ ನನಗೆ ಕನಿಕರ ಹುಟ್ಟುವುದಿಲ್ಲ.

ಮಾರ್ಚ್ ೧೩, ಗುರುವಾರ. ಮಧ್ಯಾಹ್ನ

ತಂಗಿಯ ಫೋನು. ಅಪ್ಪ ಅವಳ ಮನೆಯಲ್ಲಿದ್ದಾರೆ. "ಅಣ್ಣಾ, ಅಪ್ಪನ ಕಿವಿ ಮೆಷಿನ್ ಕೆಟ್ಟಿದೆ. ಕಂಪನಿಯವರು ಆಫೀಸ್ ಬೇರೆ ಕಡೆ ಮಾಡಿದಾರಂತೆ. ಎಲ್ಲಿ ಅಂತ ಸ್ವಲ್ಪ ನೋಡ್ತೀಯಾ?"

"ಮೀಟಿಂಗಲ್ಲಿದ್ದೀನಿ ಕಣೇ. ಅಪ್ಪನಿಗೇ ಹೇಳು, ಫೋನಲ್ಲಿ ಹೆಸರು ಹೊಡೆದು ಮೊದಲು ಬರೋದನ್ನ ಒತ್ತಲಿ. ಅಷ್ಟೂ ಆಗಲ್ವಾ?"

ಮೀಟಿಂಗ್ ಏನೂ ಇರಲಿಲ್ಲ. ಯಾವ ಕಂಪನಿ ಅಂತ ಕೇಳಲೂ ಇಲ್ಲ. ಕಾಫಿ ಆರುತ್ತಿತ್ತು.

ಮಾರ್ಚ್ ೨೯, ಶನಿವಾರ. ಸಂಜೆ

ತಂಗಿಯ ಮನೆಯಿಂದ ಈಗ ಬಂದೆ.

ಅಪ್ಪನ ಕಿವಿಯಲ್ಲಿ ಹೊಸ ಮೆಷಿನ್. ಮೇಜಿನ ಮೇಲೆ ಅದರ ನೀಲಿ ಪೆಟ್ಟಿಗೆ. ನೋಡಿದ ತಕ್ಷಣ ಗೊತ್ತಾಯಿತು, ಧಣಿಯ ಅಂಗಡಿಗೆ ಆ ನೀಲಿಯನ್ನು ಆರಿಸಿಕೊಟ್ಟವನೇ ನಾನು. ಮೆಷಿನ್ ಕುಂಯ್ ಅನ್ನುತ್ತದೆ, ಮಾತು ಕೇಳಿಸುವುದಿಲ್ಲ. ಆದರೂ ಅಪ್ಪ ದೂರುವುದಿಲ್ಲ. "ಬೋರ್ಡ್ ಮಾತ್ರ ಬದಲಾಗಿದೆ, ನಮ್ಮ ಕಂಪನೀದೇ ಅಲ್ವಾ, ಅಭ್ಯಾಸ ಆಗಬೇಕು" ಅನ್ನುತ್ತಾರೆ. ಹನ್ನೊಂದು ವರ್ಷ ಕಿವಿಗೆ ಹೊಂದಿಕೊಂಡಿದ್ದ ಹಳೆಯದನ್ನು ಅಂಗಡಿಯವರು ಎಕ್ಸ್‌ಚೇಂಜ್ ಅಂತ ಇಸಿದುಕೊಂಡಿದ್ದಾರೆ.

ಅಪ್ಪ ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಪ್ರೂಫ್ ನೋಡಿದವರು. ಔಷಧಿ ಚೀಟಿಯ ಹಿಂಬದಿಯನ್ನೂ ಓದದೆ ಬಿಡುವವರಲ್ಲ. ಅವರೇ ಹೇಳಿದರು:

"ಪಕ್ಕದಲ್ಲಿ ಜಾಹೀರಾತು ಅಂತ ಇತ್ತು, ಓದಿದೆ. ಬೇಡ ಅನ್ನಿಸ್ತು. ಆದ್ರೆ ಮೊದಲನೇದನ್ನೇ ಒತ್ತು ಅಂತ ನೀನೇ ಹೇಳಿದೀಯಂತಲ್ಲಪ್ಪ. ನಿನ್ನ ಕೆಲಸಾನೇ ಅದು, ನಿನಗೆ ಗೊತ್ತಿರುತ್ತೆ."

ಮಾರ್ಚ್ ೩೧, ಸೋಮವಾರ. ಬೆಳಗ್ಗೆ

ಅಂಗಡಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ಎಕ್ಸ್‌ಚೇಂಜಿಗೆ ತಗೊಂಡ ಆ ಹನ್ನೊಂದು ವರ್ಷದ ಹಳೇ ಮೆಷಿನ್ ವಾಪಸ್ ಕೊಡಿ ಅಂತ ಧಣಿಯನ್ನು ಕೇಳಿದೆ.

"ಅದನ್ನ ಬಿಚ್ಚಿ ಎಸೆದಾಯ್ತಲ್ಲ. ಬರೀ ಒಂದು ತಂತಿ ಬಿಟ್ಟಿತ್ತು ನೋಡು, ಹತ್ತು ನಿಮಿಷದ ಕೆಲಸ. ಯಾರದು?"

"ನಮ್ಮಪ್ಪಂದು."

ಧಣಿಗೆ ನಗು ತಡೆಯಲಾಗಲಿಲ್ಲ. "ಓದಿ ಬರಬೇಕಿತ್ತು ಕಣಯ್ಯಾ!"

ಫೋನ್ ಅಕ್ಕ ತಲೆ ಎತ್ತಲಿಲ್ಲ. ಧಣಿಯಷ್ಟು ಹೇಸಿಗೆ ಮನುಷ್ಯನನ್ನು ನೋಡಿಲ್ಲ ಅಂತ ಬರೆಯಲು ಹೊರಟಿದ್ದೆ. ಆದರೆ ಅವನು ಆಡಿದ ಆ ಮಾತು ನನ್ನದೇ. ಅವನಿಗೆ ಸ್ವಂತದ್ದು ಅಂತ ಒಂದು ಮಾತೂ ಬರುವುದಿಲ್ಲ.

ಅದೇ ದಿನ. ಸಂಜೆ ೫.೩೦, ತಂಗಿಯ ಮನೆ

ಹೇಳಿದೆ. "ಆ ಜಾಹೀರಾತು ಹಾಕಿದ್ದು ನಾನೇ ಅಪ್ಪಾ."

"ಏನು?" ಕಿವಿ ಹತ್ತಿರ ತಂದರು. ಮೆಷಿನ್ ಕುಂಯ್ ಅಂದಿತು.

ಮತ್ತೆ ಹೇಳಿದೆ. ಕೂಗಿಯೂ ಹೇಳಿದೆ. ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ತಂಗಿಗೆ ಕೇಳಿಸಿದೆ. ಅಪ್ಪನಿಗೆ ಇಲ್ಲ. ನಗುತ್ತಾ ತಲೆ ಅಲ್ಲಾಡಿಸಿದರು, ನನ್ನ ಚೀಲದಿಂದ ಇಣುಕುತ್ತಿದ್ದ ಈ ಡೈರಿಯನ್ನೇ ಎಳೆದು ಮುಂದಿಟ್ಟರು. "ಬರೆದು ತೋರಿಸು ಮಗಾ, ಓದ್ತೀನಿ."

ಕನ್ನಡಕ ಒರೆಸಿ ಹಾಕಿಕೊಂಡಿದ್ದಾರೆ. ಎದುರಿಗೇ ಕೂತಿದ್ದಾರೆ. ಕಾಯುತ್ತಿದ್ದಾರೆ.

ಅಪ್ಪಾ, ನೀವು ಒತ್ತಿದ ಆ ಮೊದಲನೆಯದನ್ನು