ಬೆಂಡೋಲೆ ಹುಡುಕುವ ಯಂತ್ರ

ತ್ಯಾಗಲಿ
೧೪-೩-೧೯೯೯

ವಾನಳ್ಳಿಯ ವಿಘ್ನೇಶ್ವರ ಹೆಗಡೆಯವರಿಗೆ ಜಯಾ ಮಾಡುವ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ. ನೀವು ಕೇಳಿಲ್ಲ, ಆದರೂ ಪತ್ರಕ್ಕೊಂದು ಮರ್ಯಾದೆ ಇರಲಿ ಅಂತ ಬರೆದೆ. ಗಂಡನ ಹೆಸರನ್ನು ಹೆಂಡತಿ ಬರೆಯಬಾರದಂತೆ. ಹಾಗಂತ ನನ್ನ ಹೆತ್ತ ಆಯಿ ಈಗಷ್ಟೇ ಬೆನ್ನ ಹಿಂದಿನಿಂದ ಇಣುಕಿ ಹೇಳಿ ಹೋದಳು. ಲಕೋಟೆಯ ಮೇಲೆ ಬರೀ ‘ಅವರಿಗೆ’ ಅಂತ ಬರೆದರೆ ಅಂಚೆಯವನು ಯಾರ ಮನೆಗೆ ಕೊಟ್ಟಾನು ಅಂತ ಕೇಳಿದೆ. ಸೆರಗು ಕೊಡವಿ ಒಳಗೆ ಹೋದಳು.

ನಿಮ್ಮ ಪತ್ರ ಸೋಮವಾರ ಬಂತು. ನಾನು ಆ ಮನೆ ಬಿಟ್ಟು ವರ್ಷ ಕಳೆದ ಮೇಲೆ ಬಂದ ಮೊದಲ ಪತ್ರ. ನಿಮ್ಮ ಅಕ್ಷರ ನೋಡಿ ಎದೆ ಹೊಡೆದುಕೊಂಡದ್ದು ನಿಜ, ಸುಳ್ಳು ಯಾಕೆ ಹೇಳಲಿ. ಒಡೆಯದೆ ಇಟ್ಟುಕೊಂಡು ಕೂತೆ, ಒಲೆಯ ಮೇಲಿನ ಹಾಲು ಉಕ್ಕಿತು. ಕೊನೆಗೆ ಒಡೆದು ನೋಡಿದರೆ ಎರಡು ಪುಟ ತುಂಬ ಮೆಟಲ್ ಡಿಟೆಕ್ಟರು. ಕಡಿಮೆ ಬೆಲೆಯದು ಹೊಸಬರಿಗೆ ಸಾಕೋ ಅಥವಾ ಸಾಲ ಮಾಡಿಯಾದರೂ ದೊಡ್ಡದನ್ನೇ ತರಬೇಕೋ, ನೀನು ಬಿ.ಎಸ್ಸಿ. ಓದಿದವಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು, ಯೋಚಿಸಿ ತಿಳಿಸು ಅಂತ ಕೇಳಿದ್ದೀರಿ. ನಾನು ಕಲಿತ ವಿಜ್ಞಾನ ಮದುವೆಯಾದ ಮೇಲೆ ನಿಮಗೆ ನೆನಪಾದದ್ದು ಇದೇ ಮೊದಲು. ಬಹಳ ಸಂತೋಷ.

ಪ್ರಶ್ನೆ ಕೇಳಿದ್ದೀರಿ, ಮೇಷ್ಟರಗಿತ್ತಿಯ ಹಾಗೆಯೇ ಉತ್ತರ ಕೊಡುತ್ತೇನೆ. ಒಣ ಮರಳಿನಲ್ಲಿ ಬಿದ್ದ ನಾಣ್ಯ ಹುಡುಕುವುದಾದರೆ, ಶಾಲೆಯ ಬಯಲಿನಲ್ಲಿ ಕಳೆದ ಬೀಗದ ಕೈ ಹುಡುಕುವುದಾದರೆ, ಹೊಸಬರಿಗೆ ಅಗ್ಗದ ಯಂತ್ರ ಸಾಕು. ಕೈ ಪಳಗುತ್ತದೆ, ಹೊತ್ತು ಹೋಗುತ್ತದೆ. ನೀವು ಹುಡುಕುವುದು ಎಲ್ಲಿ? ನಮ್ಮ ಕಡೆಯ ಮಣ್ಣು ಯಾಕೆ ಕೆಂಪು ಅಂತ ಎಂಟನೇ ಕ್ಲಾಸಿನ ಮಕ್ಕಳನ್ನು ಕೇಳಿದ್ದರೂ ಹೇಳುತ್ತಿದ್ದರು. ಅದರ ತುಂಬ ಕಬ್ಬಿಣ. ನೆಲದ ಕಬ್ಬಿಣ ಯಾವುದು, ನೆಲದಲ್ಲಿ ಬಿದ್ದ ವಸ್ತು ಯಾವುದು ಎಂದು ಬೇರೆ ಮಾಡಿ ತಿಳಿಯುವ ಶಕ್ತಿ ಅಗ್ಗದ ಯಂತ್ರಕ್ಕಿಲ್ಲ. ಕೆಂಪು ಚಿರೆಕಲ್ಲಿನ ನೆಲದ ಮೇಲೆ ಹಿಡಿದರೆ ಅದು ನೆಲಕ್ಕೇ ಕೂಗುತ್ತದೆ. ನಿಮಗೂ ಹಾಗೇ ಆಯಿತಂತಲ್ಲ. ಅಂಗಳದಿಂದ ತೋಟದವರೆಗೂ ಬಿಡದೆ ಕೂಗಿತು ಅಂತ ನೀವೇ ಬರೆದಿದ್ದೀರಿ. ಅದಕ್ಕೆ ಯಂತ್ರ ಕೊಟ್ಟ ಕಿಶೋರ, ನಿಮ್ಮ ನೆಲವೇ ಸರಿಯಿಲ್ಲ ಅಂದನಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಆ ಕಿಶೋರನ ವಿಷಯ ಬೇರೆ ಹೇಳಬೇಕೇ? ಯಲ್ಲಾಪುರದಲ್ಲಿ ರೇಡಿಯೋ ರಿಪೇರಿ ಮಾಡುತ್ತ ಕೂತಿದ್ದವನು ಈಗ ಯಂತ್ರ ಮಾರುತ್ತಾನೆ. ತಾನೇ ಗೋಣಿಚೀಲದ ಕೆಳಗೆ ನಾಣ್ಯ ಇಟ್ಟು, ತಾನೇ ಯಂತ್ರ ಹಿಡಿದು ಹುಡುಕಿ ತೋರಿಸಿದನಂತೆ. ನೀವು ಬೆರಗಾದಿರಂತೆ. ವಾರದ ಮಟ್ಟಿಗೆ ಒಯ್ದು ನೋಡು ಅಂತ ಕೊಟ್ಟನಂತೆ, ನೀವು ಅದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ತಂದಿರಂತೆ. ವಾರದಲ್ಲಿ ಸಿಕ್ಕಿದ್ದು ಮುರಿದ ಕತ್ತಿಯ ತುದಿ, ಟಾರ್ಚಿನ ಹಳೇ ಶೆಲ್ಲು, ಬುಟ್ಟಿ ತುಂಬ ಗುಟ್ಕಾ ಚೀಟಿ. ಮನೆಯಲ್ಲೇ ಅಡಿಕೆ ಬೆಳೆದು ಪೇಟೆಯ ಗುಟ್ಕಾ ತಿಂದು ಎಸೆದವರು ಯಾರು ಅಂತ ಯಂತ್ರ ಹೇಳಲಿಲ್ಲವೇ? ಆ ಚೀಟಿಯ ತಗಡಿಗೂ ಸಣ್ಣ ಬಂಗಾರಕ್ಕೂ ಅದು ಒಂದೇ ದನಿ ಹೊರಡಿಸುತ್ತದೆ. ಚೀಟಿಗೆ ಕೂಗದಂತೆ ತಿರುಗಿಸಿಟ್ಟರೆ ಬಂಗಾರಕ್ಕೂ ಕೂಗುವುದಿಲ್ಲ. ಅಲ್ಲದೆ ಕೊಟ್ಟಿಗೆಯ ಗೊಬ್ಬರದ ಜೊತೆ ತೋಟಕ್ಕೆ ಹೋಗಿದೆ ಅಂತ ನೀವು ಅನ್ನುವ ಓಲೆಯ ಮೇಲೆ ನೀವು ಹೋದ ಸಲ ಹೊಸ ಮಣ್ಣು ಹಾಕಿಸಿದ್ದೀರಿ. ಆ ಯಂತ್ರದ ಕಿವಿ ನಾಲ್ಕು ಬೆರಳಿಗಿಂತ ಕೆಳಗೆ ಹೋಗುವುದಿಲ್ಲ.

ಹೋದ ವಾರ ಪಕ್ಕದ ಮನೆಯ ಗೌರಕ್ಕ ತವರಿಗೆ ಬಂದಿದ್ದಳು. ಅವಳನ್ನು ನಿಮ್ಮೂರಿಗೇ ಕೊಟ್ಟದ್ದಲ್ಲವೇ, ಸುದ್ದಿಗೆ ಬರವಿಲ್ಲ. ಚಪ್ಪಲಿ ಬಿಡುವ ಮೊದಲೇ, “ಹೌದನೇ ಜಯಾ, ನಿನ್ನ ಗಂಡಂಗೆ ತೋಟದಲ್ಲಿ ನಿಧಿ ಸಿಕ್ಕಿದ್ದಡ?” ಅಂತ ಕೇಳಿದಳು. ಕಿವಿಗೆ ಅದೇನೋ ಸಿಕ್ಕಿಸಿಕೊಂಡು, ಕೈಯಲ್ಲಿ ತಟ್ಟೆ ಕಟ್ಟಿದ ಕೋಲು ಹಿಡಿದು, ಅಡಿಕೆ ಮರದ ಬುಡ ಬುಡಕ್ಕೂ ಬಗ್ಗುತ್ತ ಹೋಗುವ ನಿಮ್ಮನ್ನು ನೋಡಲು ಊರವರು ಬೇಲಿಯ ಹತ್ತಿರ ನಿಲ್ಲುತ್ತಾರಂತೆ. ಎಲ್ಲಿಂದಲೋ ಒಬ್ಬ ಬಂದು, ಕೋಳಿ ಕೊಟ್ಟರೆ ನಿಧಿ ಮೇಲೆ ಬರುತ್ತದೆ ಅಂತ ಹೇಳಿ ಹೋದನಂತೆ. ಆಯಿ ನಕ್ಕಳು. ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. ನಿಮಗಾಗಿ ನಾಚಿಕೆಪಡುವ ಅಭ್ಯಾಸ ಇನ್ನೂ ಬಿಟ್ಟಿಲ್ಲ ನೋಡಿ.

ಹುಡುಕುತ್ತಿರುವುದು ಏನು, ಯಾಕೆ ಅಂತ ನಿಮಗೆ ಮರೆತಿರಬಹುದು. ನಾನು ನೆನಪು ಮಾಡಿಕೊಡುತ್ತೇನೆ. ದೀಪಾವಳಿಯ ದೊಡ್ಡಹಬ್ಬದ ಬೆಳಿಗ್ಗೆ ದನಗಳಿಗೆ ಮೈ ತೊಳೆದು, ಗೋಪೂಜೆಗೆ ಅಡಿಕೆ ಹಾರ ಕಟ್ಟುತ್ತಿದ್ದೆ. ಬಲಗಿವಿ ಬೋಳಾಗಿದೆ ಅಂತ ತಿಳಿದದ್ದು ಆಗ. ಮದುವೆಯ ದಿನ ಅತ್ತೆ ತಮ್ಮ ಕಿವಿಯಿಂದಲೇ ಬಿಚ್ಚಿ ನನಗೆ ಹಾಕಿದ್ದ ಕೆಂಪು ಹರಳಿನ ಬೆಂಡೋಲೆ. ಅದರ ತಿರುಪು ಸವೆದಿದೆ, ಪೇಟೆಗೆ ಹೋದಾಗ ಸರಿ ಮಾಡಿಸಿ ಅಂತ ನಿಮಗೆ ಎಷ್ಟು ಸಲ ಹೇಳಿದ್ದೆ! ಕೊಟ್ಟಿಗೆಯ ಸೊಪ್ಪು ತಿರುವಿದೆ. ದನ ತಿಂದಿರಬಹುದು ಅಂತ ಸಗಣಿಯನ್ನು ಕೈಯಾರೆ ಕಲಸಿ ನೋಡಿದೆ. ನೀವು ಟಾರ್ಚು ಹಿಡಿದು ಬೆಳಕು ತೋರಿಸಿದಿರಿ, ಮೂಗಿಗೆ ಟವೆಲ್ಲು ಹಿಡಿದುಕೊಂಡು.

ಆಮೇಲೆ ಅತ್ತೆ ಜೋಯಿಸರ ಹತ್ತಿರ ಕವಡೆ ಪ್ರಶ್ನೆ ಕೇಳಿಕೊಂಡು ಬಂದರು. ವಸ್ತು ದಕ್ಷಿಣಕ್ಕೆ ಹೋಗಿದೆ, ಹೆಂಗಸಿನ ಕೈಯಲ್ಲಿದೆ ಅಂತ ಬಂತಂತೆ. ವಾನಳ್ಳಿಗೆ ದಕ್ಷಿಣದಲ್ಲಿ ಊರು ನೂರಿವೆ. ಅವರಿಗೆ ಕಂಡದ್ದು ಮಾತ್ರ ನನ್ನ ತವರು. ನಡುಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ, “ಬಂಗಾರಕ್ಕೆ ಕಾಲಿಲ್ಲೆ. ಅದು ತವರಿಗೆ ಹೋಯ್ದು” ಅಂದರು. ಕದಿಯುವವಳಾದರೆ ಜೋಡಿ ಬಿಟ್ಟು ಒಂದನ್ನೇ ಯಾಕೆ ಕದಿಯಲಿ ಅಂತ ಕೇಳುವಷ್ಟು ತಲೆ ಆ ಪಂಕ್ತಿಯಲ್ಲಿ ಯಾರಿಗೂ ಇರಲಿಲ್ಲ. ನಾನು ನಿಮ್ಮ ಮುಖ ನೋಡಿದೆ. ನೀವು ಅನ್ನಕ್ಕೆ ಮಜ್ಜಿಗೆ ಕಲಸುತ್ತ, “ಹುಡ್ಕನ, ಸಿಕ್ರೆ ಎಲ್ಲ ಸರಿ ಆಗ್ತು” ಅಂದಿರಿ.

“ಸಿಗದೇ ಇದ್ರೆ?” ಅಂತ ನಾನು ಕೇಳಿದೆ. ನೀವು ಕೈ ತೊಳೆಯಲು ಎದ್ದಿರಿ. ಆ ಕೈ ತೊಳೆದದ್ದು ಇವತ್ತಿಗೂ ಮುಗಿದಿಲ್ಲ.

ಉಳಿದ ಒಂದು ಓಲೆಯನ್ನು ದೇವರ ಮುಂದಿಟ್ಟು ನಾನು ಬಸ್ಸು ಹತ್ತಿದೆ. ಈಗ ನೀವು, ಓಲೆ ಸಿಕ್ಕಿದ ದಿನವೇ ಬಂದು ಕರೆದುಕೊಂಡು ಹೋಗುತ್ತೇನೆ, ಅತ್ತೆಯ ಬಾಯಿ ಮುಚ್ಚುತ್ತದೆ ಅಂತ ಬರೆದಿದ್ದೀರಿ. ಬಹಳ ಉಪಕಾರ. ಅತ್ತೆಗೆ ಕವಡೆ, ನಿಮಗೆ ಯಂತ್ರ. ಅವರಾದರೂ ಎದುರಿಗೆ ಕೂತು ಕಳ್ಳಿ ಅಂದರು, ಅದಕ್ಕೆ ಎದೆ ಬೇಕು. ನೀವು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಒಂದೇ ಚಾಪೆಯಲ್ಲಿ ಮಲಗಿ, ಒಂದೇ ತಟ್ಟೆಯ ಕಳಲೆ ಪಲ್ಯ ಹಂಚಿಕೊಂಡು ತಿಂದವಳು ಕಳ್ಳಿಯೋ ಅಲ್ಲವೋ ಅಂತ ತಿಳಿಯಲು ನಿಮಗೆ ಶೆಲ್ಲು ಹಾಕಿ ಓಡಿಸುವ ಯಂತ್ರವೊಂದು ಬೇಕಾಯಿತು. ಅದೂ ಅಗ್ಗದ್ದು ಸಾಕೇ ಅಂತ ನನ್ನನ್ನೇ ಕೇಳುತ್ತೀರಿ. ಸಿಟ್ಟು ಬರಬೇಕಿತ್ತು, ಅಸಹ್ಯವಾಯಿತು. ಆಮೇಲೆ ಅಳು ಬಂತು. ಇಷ್ಟು ಪೆದ್ದನಾದವನ ಪತ್ರಕ್ಕೆ ಹಾಲು ಉಕ್ಕಿಸಿಕೊಂಡು ಕೂತೆನಲ್ಲ ಅಂತ.

ದೊಡ್ಡ ಯಂತ್ರ ತಂದರೆ ಸಿಗಬಹುದೇ ಅಂತಲೂ ಕೇಳಿದ್ದೀರಿ. ನೀವು ಲೋಕದ ಅತಿ ದುಬಾರಿ ಯಂತ್ರವನ್ನು ತಂದರೂ ಅದು ನೆಲದೊಳಗೆ ಏನಿದೆ ಅಂತ ಮಾತ್ರ ಹೇಳೀತು. ಸಿಕ್ಕಿದರೆ ಜಯಾ ಒಳ್ಳೆಯವಳು, ಸಿಗದಿದ್ದರೆ ಅಲ್ಲ ಅನ್ನುವ ಲೆಕ್ಕ ಹಾಕಿಕೊಂಡವರು ನೀವು, ಆ ಲೆಕ್ಕ ಯಂತ್ರದ್ದಲ್ಲ. ಆದ್ದರಿಂದ ನನ್ನ ವೈಜ್ಞಾನಿಕ ಸಲಹೆ ಇಷ್ಟೇ. ಕೊಳ್ಳಬೇಡಿ. ಕಿಶೋರನ ಕೋಲನ್ನು ಕಿಶೋರನಿಗೆ ಹಿಂದಿರುಗಿಸಿ. ಅಗೆದ ಗುಂಡಿ ಮುಚ್ಚಿಸಿ, ಇಲ್ಲವಾದರೆ ಬೇರು ಒಣಗಿ ಮರ ಸತ್ತರೆ ಅದಕ್ಕೂ ನಾನೇ ಕಾರಣ ಅಂತ ಆದೀತು.

ಅತ್ತೆಯ ಮಂಡಿನೋವಿಗೆ ನಾನು ಕಾಸಿಡುತ್ತಿದ್ದ ಎಣ್ಣೆ ಮುಗಿದಿರಬೇಕು. ಸೀಸೆಯೊಂದನ್ನು ಗೌರಕ್ಕನ ಕೈಯಲ್ಲಿ ಕಳಿಸಿದ್ದೇನೆ. ಯಾರು ಮಾಡಿದ್ದು ಅಂತ ಹೇಳುವ ಅಗತ್ಯವಿಲ್ಲ, ಹೇಳಿದರೆ ಅವರು ಹಚ್ಚಿಕೊಳ್ಳುವುದಿಲ್ಲ.

ಇತಿ,
ಇನ್ನೂ ನಿಮ್ಮ ಮನೆಯ ಹೆಸರಿನಿಂದಲೇ ಕರೆಸಿಕೊಳ್ಳುವ
ಜಯಾ

ತಾ.ಕ.: ಓಲೆ ಇಲ್ಲಿದೆ. ಹೋದ ಬೇಸಿಗೆಯಲ್ಲಿ ನನ್ನ ಕೌದಿಯನ್ನು ಹೊಳೆಯಲ್ಲಿ ಒಗೆಯುವಾಗ, ಹೊಲಿಗೆ ಬಿಚ್ಚಿದ ಮೂಲೆಯೊಳಗಿಂದ ಕೈಗೆ ಚುಚ್ಚಿತು. ಹಬ್ಬದ ಹಿಂದಿನ ರಾತ್ರಿ ಹೊದ್ದು ಮಲಗಿದ್ದ ಕೌದಿ ಅದು. ಅಜ್ಜಿಯ ಸೀರೆಯದು, ನನ್ನದು ಅಂತ ಬರುವಾಗ ಚೀಲಕ್ಕೆ ತುಂಬಿಕೊಂಡಿದ್ದೆ. ಅಂದರೆ ಅತ್ತೆ ಹೇಳಿದ್ದು ನಿಜವೇ ಆಯಿತು, ಓಲೆ ತವರಿಗೇ ಬಂದಿತ್ತು, ಹೊತ್ತು ತಂದವಳೂ ನಾನೇ. ಇದನ್ನು ತಂದು ಮುಂದಿಟ್ಟರೆ ಅವರು ಏನು ಹೇಳುತ್ತಾರೆ ಅಂತ ನನಗೆ ಗೊತ್ತು. ನೀವು ಏನು ಹೇಳುತ್ತೀರಿ ಅಂತ ಗೊತ್ತಿರಲಿಲ್ಲ. ಆ ಹೆದರಿಕೆಗೆ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ, ಈಗ ಹೇಳಿದ್ದೇನೆ.