ತಿರುವಿನ ಬೂದು ಕೊಕ್ಕರೆ

ಯಜಮಾನರೇ,

ಇದನ್ನು ನೀವು ಓದಲಾರಿರೆಂದು ಬಲ್ಲೆ. ಬದುಕಿದ್ದಾಗಲೂ ನಾನು ಬರೆದಿಟ್ಟ ಚೀಟಿಗಳನ್ನು ಓದಿದವರಲ್ಲ. ಆದರೂ ವರದಿ ಒಪ್ಪಿಸುವುದು ನನ್ನ ಧರ್ಮ.

ಪ್ರತಿ ಚಳಿಗಾಲವೂ ಹಕ್ಕಿ ಗಣತಿಗೆ ನೀವು ಕರೆದಿರಿ. ‘ಕಾಗೆ ಎಣಿಸಲು ಇಬ್ಬರು ಬೇಕೇ?’ ಎಂದು ನಾನು ಮನೆಯಲ್ಲೇ ಉಳಿದೆ. ಇಂದು ಬೆಳಿಗ್ಗೆ ನಿಮ್ಮ ಉಣ್ಣೆಯ ಟೋಪಿ ಧರಿಸಿ, ನಿಮ್ಮ ದುರ್ಬೀನು ಹಿಡಿದು, ನಿಮ್ಮ ಹಕ್ಕಿ ಬಳಗದೊಡನೆ ನದಿಯ ದಂಡೆಯಲ್ಲಿ ನಡೆದೆ. ತಿರುವಿನಲ್ಲಿ ಬಳಗದ ಮುಖಂಡರಾದ ಔಷಧಿ ಅಂಗಡಿಯವರು “ಬೂದು ಕೊಕ್ಕರೆ, ಒಂದು” ಎಂದು ಗಂಭೀರವಾಗಿ ಘೋಷಿಸಿದರು. ಎಲ್ಲರೂ ತಲೆಯಾಡಿಸಿದರು. ನಾನು ದುರ್ಬೀನಿನಲ್ಲಿ ನೋಡಿದೆ. ಅದು ನೀರಿನಿಂದ ಮೇಲೆದ್ದ ಬಾಗಿದ ಕೊಳವೆ!

“ಸ್ವಾಮಿ, ಕೊಕ್ಕರೆಗೆ ತುಕ್ಕು ಹಿಡಿಯುತ್ತದೆಯೇ?” ಎಂದೆ.

ಅವರು ತಲೆ ಕೆರೆದುಕೊಂಡರು. “ಗೊತ್ತು ಟೀಚರ್. ಮೊದಲನೇ ವರ್ಷ ಸಾರ್ ತಪ್ಪಿ ಎಣಿಸಿಬಿಟ್ರು. ನಾವೆಲ್ಲ ನಕ್ಕಿದ್ದಕ್ಕೆ, ‘ನಮ್ಮ ಮನೆಯವಳು ಬಂದು ತಿದ್ದೋ ತನಕ ಇದು ಕೊಕ್ಕರೆನೇ’ ಅಂತ ಹಟ ಹಿಡಿದ್ರು. ಅವತ್ತಿಂದ ಪ್ರತಿ ವರ್ಷ ಎಣಿಸ್ತಾನೇ ಇದೀವಿ. ಈಗ ನೀವೇ ಬಂದ್ರಲ್ಲ, ಪಟ್ಟಿಯಿಂದ ತೆಗೆದುಬಿಡ್ಲಾ?”

ಯಾರ ತಪ್ಪನ್ನೂ ತಿದ್ದದೆ ಬಿಟ್ಟವಳಲ್ಲ ನಾನು, ನಿಮಗೇ ಗೊತ್ತು. ದುರ್ಬೀನು ಏಕೋ ಮಂಜಾಗಿತ್ತು. ಸೆರಗಿನಿಂದ ಒರೆಸಿ ಮತ್ತೊಮ್ಮೆ ನೋಡಿದೆ.

“ಬೇಡ. ಈಗ ತಾನೇ ಕತ್ತು ಅಲ್ಲಾಡಿಸಿತು” ಎಂದೆ.